ಖಾಸಗಿ ಶಾಲೆಯ ಮಕ್ಕಳೂ ನವೋದಯ ಪರೀಕ್ಷೆ ಬರೆಯಬಹುದು

ಐದನೇ ತರಗತಿಯ ಮಕ್ಕಳಿರುವ ಮೈಸೂರು, ಮಂಡ್ಯದ ಮನೆಗಳ ವಾಟ್ಸಾಪ್‌ನಲ್ಲಿ, ಖಾಸಗಿ ಶಾಲೆಯಲ್ಲಿ ಓದಿದವರಿಗೆ ಕೇಂದ್ರ ಸರ್ಕಾರದ ವಸತಿ ಶಾಲೆಯಾದ ನವೋದಯದ ಬಾಗಿಲು ಮುಚ್ಚಿದೆ ಎಂಬ ಸಂದೇಶ ಸುತ್ತುತ್ತಲೇ ಇರುತ್ತದೆ. ಇದು ಸರಿಯಲ್ಲ. ಆರನೇ ತರಗತಿಯ ಪ್ರವೇಶ ಪರೀಕ್ಷೆಗೆ ಮಗು ಆ ನವೋದಯವಿರುವ ಜಿಲ್ಲೆಯ ಸರ್ಕಾರಿ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಿ ಐದನೇ ತರಗತಿ ಓದುತ್ತಿರಬೇಕು. ಮಾನ್ಯತೆಯಿರುವ ಖಾಸಗಿ ಶಾಲೆಯೂ ಇದರಲ್ಲಿ ಸೇರುತ್ತದೆ.

ಗೊಂದಲಕ್ಕೆ ಕಾರಣ ಬಹುಶಃ ಗ್ರಾಮೀಣ ಮೀಸಲಾತಿ. ಕನಿಷ್ಠ ಶೇ. 75ರಷ್ಟು ಸೀಟುಗಳು ಗ್ರಾಮೀಣ ಮಕ್ಕಳಿಗಿದ್ದು, ಅದಕ್ಕೆ 3, 4 ಮತ್ತು 5ನೇ ತರಗತಿಗಳನ್ನು ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಪೂರ್ತಿ ಓದಿರಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಮನೆಯ ವಿಳಾಸವಲ್ಲ, ಶಾಲೆಯಿರುವ ಜಾಗ. ಹೀಗಾಗಿ ಇಲವಾಲದ ಕಡೆಯ ಹಳ್ಳಿಯಿಂದ ಶಾಲಾ ವ್ಯಾನಿನಲ್ಲಿ ದಿನವೂ ಮೈಸೂರು ನಗರಕ್ಕೆ ಹೋಗಿ ಓದಿದ ಮಗು ನಗರದ ಅಭ್ಯರ್ಥಿಯೇ ಆಗುತ್ತದೆ. ಅದರ ಸ್ಪರ್ಧೆ ಉಳಿದ ಸೀಟುಗಳಿಗೆ, ಆದರೆ ಪರೀಕ್ಷೆ ಬರೆಯಲು ಅಡ್ಡಿಯಿಲ್ಲ. ಹಳ್ಳಿಯಲ್ಲಿರುವ ಮಾನ್ಯತೆ ಪಡೆದ ಖಾಸಗಿ ಶಾಲೆಯ ಮಗುವಿಗಾದರೋ ಗ್ರಾಮೀಣ ಸೀಟೂ ಸಿಗಬಹುದು.

ಪರಿಶೀಲಿಸುವುದು ಕಷ್ಟವಲ್ಲ. ಸಂದೇಶದಲ್ಲಿ ಯಾವ ವರ್ಷದ ನಿಯಮವೆಂದು ಬರೆದಿದೆಯೇ ಎಂದು ಮೊದಲು ನೋಡಿ, ಸಾಮಾನ್ಯವಾಗಿ ಇರುವುದಿಲ್ಲ. ನಂತರ ನವೋದಯದ ಅಧಿಕೃತ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಆ ಸಾಲಿನ ಮಾಹಿತಿ ಪುಸ್ತಿಕೆಯ ಅರ್ಹತೆಯ ಭಾಗವನ್ನು ಓದಿ. ಶಾಲೆಯ ಮಾನ್ಯತೆಯ ಬಗ್ಗೆ ಅನುಮಾನವಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಈ ಪರೀಕ್ಷೆಯನ್ನು ಎರಡನೇ ಬಾರಿ ಬರೆಯುವಂತಿಲ್ಲವಾದ್ದರಿಂದ, ಈ ವಿಚಾರಣೆಯನ್ನು ಅರ್ಜಿಯ ಕೊನೆಯ ದಿನಕ್ಕೆ ಮುಂಚೆಯೇ ಮುಗಿಸಿಕೊಳ್ಳುವುದು ಒಳ್ಳೆಯದು.