ಬೀರು ಬಾಗಿಲು ತೆಗೆದವಳು

ಗೌರಿ ಹಬ್ಬದ ಹಿಂದಿನ ದಿನ ಚಿಕ್ಕಮ್ಮ ಬಂದಿದ್ದರು. "ಎರಡು ಗಂಡುಮಕ್ಕಳಿದ್ದೂ ಮನೆ ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀಯೇ" ಎಂದರು. ನಾನು ಪೂರಿಯ ಹಾಗೆ ಉಬ್ಬಿದೆ. ಅರಿಶಿನ ಕುಂಕುಮದ ಜೊತೆ ಒಂದು ಬ್ಲೌಸ್ ಪೀಸ್ ಇಡೋಣ ಅಂತ ಅವರ ಎದುರಿಗೇ ಬೀರು ಬಾಗಿಲು ತೆಗೆದೆ.

ಮೊದಲು ಬಿದ್ದದ್ದು ಕ್ರಿಕೆಟ್ ಬ್ಯಾಟು. ಹಿಂದೆಯೇ ಎರಡು ದಿಂಬು, ಇಸ್ತ್ರಿಗೆ ಕೊಡಬೇಕಿದ್ದ ಬಟ್ಟೆ ಗಂಟು, ಒಂದು ತಿಂಗಳ ಪೇಪರು. ಕೊನೆಗೆ, ಹದಿನೈದು ದಿನದಿಂದ ನಾನು ಹುಡುಕುತ್ತಿದ್ದ ಮಿಕ್ಸಿ ಜಾರಿನ ಮುಚ್ಚಳ. "ಬೇಗ ಕ್ಲೀನ್ ಮಾಡಿ" ಅಂತ ಬೆಳಿಗ್ಗೆ ಕೂಗಾಡಿದ್ದಕ್ಕೆ ಅಪ್ಪ ಮಕ್ಕಳು ಸೇರಿ ಮಾಡಿದ ಕ್ಲೀನು ಅದು. ಚಿಕ್ಕಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಯಾಕೆ, ಏನಾಯ್ತು, ಎಲ್ಲರೂ ಯಾಕೆ ನಗ್ತಿದ್ದೀರಿ?" ಅಂತ ಕೇಳಿದೆ. ನಗು ಇನ್ನೂ ಜಾಸ್ತಿಯಾಯಿತು.

"ಅಮ್ಮ, ನೀನು ಥೇಟ್ ಮಾರ್ಗರೆಟ್ ಡುಮಾಂಟ್" ಎಂದ ದೊಡ್ಡ ಮಗ. ಅವನಿಗೆ ಹಳೇ ಕಪ್ಪು ಬಿಳುಪು ಸಿನಿಮಾ ಹುಚ್ಚು. ಡುಮಾಂಟ್ ಅಂದರೆ ಆ ಕಾಲದ ಹಾಲಿವುಡ್ ನಟಿಯಂತೆ. ರಾತ್ರಿ 1935ರ 'ಎ ನೈಟ್ ಅಟ್ ದಿ ಒಪೆರಾ' ಹಾಕಿ ತೋರಿಸಿದ. ಹಡಗಿನಲ್ಲಿ ಒಂದು ಬೆಂಕಿಪೊಟ್ಟಣದಂಥ ಕೋಣೆ. ಅದರೊಳಗೆ ಮಾರ್ಕ್ಸ್ ಸಹೋದರರು, ಅಮೆರಿಕದ ಹಾಸ್ಯನಟ ಅಣ್ಣತಮ್ಮಂದಿರು. ಅವರ ಮೇಲೆ ನೆಲ ಒರೆಸುವವಳು, ಉಗುರು ಕತ್ತರಿಸುವವಳು, ತಟ್ಟೆ ಹೊತ್ತ ಮಾಣಿಗಳು. ಚಿಕ್ಕಮ್ಮನನ್ನು ಹುಡುಕಿಕೊಂಡು ಬಂದ ಹುಡುಗಿಯೂ ಒಬ್ಬಳು (ಅಲ್ಲೂ ಚಿಕ್ಕಮ್ಮ ನೋಡಿ!). ಆಗ ಸಿಂಗಾರ ಮಾಡಿಕೊಂಡ ಡುಮಾಂಟ್ ಗತ್ತಿನಿಂದ ಬಂದು ಬಾಗಿಲು ತೆಗೆಯುತ್ತಾಳೆ. ಅಷ್ಟೂ ಜನ ದಬದಬ ಹೊರಗೆ ಉರುಳುತ್ತಾರೆ. ನನ್ನ ಬೀರುವೇ!

ಈ ಡುಮಾಂಟ್ 1925ರಲ್ಲೇ ನ್ಯೂಯಾರ್ಕಿನ ಬ್ರಾಡ್‌ವೇ ನಾಟಕದಲ್ಲಿ ಆ ಅಣ್ಣತಮ್ಮಂದಿರ ಕೈಗೆ ಸಿಕ್ಕವಳು. ಆಮೇಲೆ 1929ರಿಂದ 1941ರವರೆಗೆ ಅವರ ಜೊತೆ ಏಳು ಸಿನಿಮಾ. ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ ಪಾತ್ರ, ದುಡ್ಡಿರುವ ದೊಡ್ಡ ಮನೆ ಹೆಂಗಸು. ಆ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಗ್ರೌಚೋ ಅವಳ ದುಡ್ಡಿಗಾಗಿ ಪ್ರೀತಿಯ ಮಾತಾಡುತ್ತಾನೆ, ಅದೇ ಉಸಿರಲ್ಲಿ ಅವಮಾನವನ್ನೂ ಮಾಡುತ್ತಾನೆ. 1933ರ 'ಡಕ್ ಸೂಪ್'ನಲ್ಲಿ ಅವನನ್ನು ಒಂದು ದೇಶದ ಗದ್ದುಗೆಗೆ ಕೂರಿಸುವವಳೇ ಇವಳು. ಕೊನೆಗೆ ಪಾಪ, ಗೆದ್ದ ಖುಷಿಗೆ ಅವಳು ದೇಶಗೀತೆ ಹಾಡಿದರೆ ಎಲ್ಲರೂ ಸೇರಿ ಹಣ್ಣು ಎಸೆಯುತ್ತಾರೆ. ನಮ್ಮಲ್ಲಿ ಆ ಭಯವಿಲ್ಲ. ಹಬ್ಬದ ಹಣ್ಣಿನ ರೇಟಿಗೆ ಯಾರೂ ಎಸೆಯುವುದಿಲ್ಲ.

ಅವಳಿಗೆ ಜೋಕೇ ಅರ್ಥವಾಗುತ್ತಿರಲಿಲ್ಲ, ಜನ ಯಾಕೆ ನಗುತ್ತಿದ್ದಾರೆ ಅಂತ ತನ್ನನ್ನೇ ಕೇಳುತ್ತಿದ್ದಳು ಅಂತ ಗ್ರೌಚೋ ಕೊನೆಯವರೆಗೂ ಹೇಳಿಕೊಂಡು ಬಂದ. ನಾನಂತೂ ನಂಬುವುದಿಲ್ಲ. ನಾಟಕದಲ್ಲಿ ತಿಂಗಳುಗಟ್ಟಲೆ ದಿನಾ ರಾತ್ರಿ ಅದೇ ಜೋಕು ಕೇಳಿದವಳಿಗೆ ಅರ್ಥವಾಗದೇ ಇರುತ್ತಾ? ಎದುರಿನವನನ್ನು ಮೇಲೆತ್ತಬೇಕು, ನಗು ಮಾತ್ರ ಅವನಿಗೇ ಬಿಡಬೇಕು, ಅದೂ ಒಂದು ಕಲೆ ಎಂದು ಅವಳೇ ಹೇಳಿದ್ದಳು. 1965ರಲ್ಲಿ, 82ನೇ ವಯಸ್ಸಿನಲ್ಲಿ, ಟಿವಿಗಾಗಿ ಮತ್ತೆ ಗ್ರೌಚೋ ಪಕ್ಕ ನಿಂತಳು. ಕೆಲವೇ ದಿನಕ್ಕೆ ತೀರಿಕೊಂಡಳು.

ಇದನ್ನೆಲ್ಲ ಹೇಳಿ, "ನಾನೂ ಹಾಗೇ. ನನಗೆ ಎಲ್ಲಾ ಗೊತ್ತಾಗುತ್ತೆ. ಸುಮ್ನೆ ನಟನೆ ಮಾಡ್ತೀನಿ" ಎಂದೆ.

"ಹಾಗಾದ್ರೆ ಮುಚ್ಚಳ ಬೀರುವಲ್ಲಿದೆ ಅಂತಾನೂ ಗೊತ್ತಿತ್ತಾ?" ಎಂದರು ನಮ್ಮ ಮನೆಯವರು.

ಉತ್ತರ ಕೊಡದೆ, ಕತ್ತು ನೆಟ್ಟಗೆ ಮಾಡಿಕೊಂಡು ಅಡುಗೆಮನೆಗೆ ಹೋದೆ. ಗತ್ತಿನಿಂದ ಜಾರಿಗೆ ಮುಚ್ಚಳ ಹಾಕಿದೆ. ಕೂರಲಿಲ್ಲ. ಅದು ಹಳೇ ಮಿಕ್ಸಿಯದು.