ಕ್ವಾರಿ ನಿಂತ ಮೇಲೆ ಬೆಟ್ಟ ಯಾರದ್ದು?

ನಮ್ಮದು ಪಾಂಡವಪುರದ ಕಡೆ. ಚಿಕ್ಕವನಿದ್ದಾಗ ಬೇಬಿ ಬೆಟ್ಟದ ದನಗಳ ಜಾತ್ರೆಗೆ ಹೋಗದ ವರ್ಷವೇ ಇರಲಿಲ್ಲ. ಈಗ ಹಂಗೇರಿಯಲ್ಲಿದ್ದೇನೆ. ಇಲ್ಲಿ ಶಾಗ್ ಬೆಟ್ಟ ಹತ್ತಿದಾಗಲೆಲ್ಲ ಬೇಬಿ ಬೆಟ್ಟ ನೆನಪಾಗುತ್ತದೆ.

ಶಾಗ್ ದೊಡ್ಡ ಬೆಟ್ಟವೇನಲ್ಲ, ಸಮುದ್ರಮಟ್ಟದಿಂದ 279 ಮೀಟರ್ ಅಷ್ಟೇ. ಆದರೆ ಸುತ್ತ ಬಯಲು, ಹಾಗಾಗಿ ದೂರದಿಂದಲೇ ಕಾಣುತ್ತದೆ. ಸುಮಾರು 50 ಲಕ್ಷ ವರ್ಷದ ಹಿಂದೆ ಬೆಂಕಿ ಉಗುಳಿದ ಜ್ವಾಲಾಮುಖಿ ಇದು. 1891ರಲ್ಲಿ ವಿಜ್ಞಾನಿ ಲೊರಾಂಡ್ ಅಯೊತ್ವೊಶ್ ಗುರುತ್ವಾಕರ್ಷಣೆ ಅಳೆಯುವ ತನ್ನ ತಕ್ಕಡಿಯನ್ನು ಇಲ್ಲಿಗೇ ತಂದು ಪರೀಕ್ಷೆ ಮಾಡಿದ್ದ. ಆಮೇಲೆ ಕ್ವಾರಿ ಬಂತು. ದಶಕಗಟ್ಟಲೆ ಕಪ್ಪು ಕಲ್ಲು ಒಡೆದು ಸಾಗಿಸಿದರು. ಬೆಟ್ಟದ ಹೊಟ್ಟೆಯೇ ಬರಿದಾಯಿತು.

ನನಗೆ ಮುಖ್ಯ ಅನಿಸುವುದು ಅದಾದ ಮೇಲಿನ ಕತೆ. ಕ್ವಾರಿ ನಿಂತ ಮೇಲೆ ಇಲ್ಲಿನವರು ಬೆಟ್ಟಕ್ಕೆ ಬೆನ್ನು ತಿರುಗಿಸಲಿಲ್ಲ. ಅದನ್ನು ಸಂರಕ್ಷಿತ ಜಾಗ ಮಾಡಿ, ಒಡೆದ ಹೊಟ್ಟೆಯೊಳಕ್ಕೇ ಕಾಲುದಾರಿ ಬಿಟ್ಟರು. ಬುಡದ ಸೆಲ್‌ಡೊಮೊಲ್ಕ್ ಊರಲ್ಲಿ 2013ರಲ್ಲಿ ಜ್ವಾಲಾಮುಖಿ ಮ್ಯೂಸಿಯಂ ಕಟ್ಟಿದರು. ಒಳಗೆ ನಿಂತರೆ ಗೋಡೆಯಲ್ಲಿ ಕಂದು ಬೂದಿಯ ಪದರ, ಅದರ ಮೇಲೆ ಕಪ್ಪು ಕಲ್ಲು, ಮಧ್ಯೆ ಇಟ್ಟಿಗೆಯಂಥ ಕೆಂಪು ಕಾಣುತ್ತದೆ. ಸಂಜೆ ಹೊತ್ತಲ್ಲಿ ಕಲ್ಲಿಗೆ ಕೈ ಇಟ್ಟರೆ ಹಗಲಿನ ಬಿಸಿ ಇನ್ನೂ ಇರುತ್ತದೆ. ಇಳಿಜಾರಿನಲ್ಲಿ ದ್ರಾಕ್ಷಿ ತೋಟ, ತೋಟಕ್ಕೊಂದು ಪುಟ್ಟ ನೆಲಮಾಳಿಗೆ ಮನೆ. ಬಳ್ಳಿ ಸವರುತ್ತಲೋ ಬೇಲಿ ಕಟ್ಟುತ್ತಲೋ ಯಾರಾದರೊಬ್ಬರು ಇದ್ದೇ ಇರುತ್ತಾರೆ. ಅವರ ಭಾಷೆಯಲ್ಲಿ ‘ಯೋ ನಪೋತ್’ ಅಂತ ನಮಸ್ಕಾರ ಹೇಳಿದರೆ ಕೆಲಸ ಬಿಟ್ಟು ಮಾತಿಗೆ ನಿಲ್ಲುತ್ತಾರೆ.

ಭಕ್ತಿಯಲ್ಲಿ ನಾವೇ ಜಾಸ್ತಿ. ಬೇಬಿ ಬೆಟ್ಟದ ಮಹದೇಶ್ವರನಿಗೆ ಕೈ ಮುಗಿಯದೆ ಎತ್ತು ಕೊಳ್ಳದ ರೈತರಿದ್ದಾರೆ. ಆದರೆ ಜಾತ್ರೆ ಮುಗಿದ ಮೇಲೆ? ಅಲ್ಲಿನ ಗಣಿಗಾರಿಕೆ ಬಗ್ಗೆ ನಾವು ಜೋರಾಗಿ ಕೇಳಿದ್ದು ಕೆ.ಆರ್.ಎಸ್. ಅಣೆಕಟ್ಟೆಗೆ ಏನಾಗುತ್ತದೋ ಎಂಬ ಭಯ ಬಂದಾಗ. ಅಣೆಕಟ್ಟೆಯ ಚಿಂತೆ ಸರಿಯೇ. ಆದರೆ ಬೆಟ್ಟಕ್ಕೋಸ್ಕರ ಬೆಟ್ಟವನ್ನು ಕೇಳಿದವರು ಕಮ್ಮಿ ಅಲ್ವಾ? ನಮ್ಮಲ್ಲಿ ಎಷ್ಟೋ ಹಳೇ ಕ್ವಾರಿಗಳು ಬರೀ ನೀರು ನಿಂತ ಗುಂಡಿಗಳಾಗಿವೆ. ಮಕ್ಕಳಿಗೆ ‘ಆ ಕಡೆ ಹೋಗಬೇಡ’ ಅನ್ನುತ್ತೇವೆ, ಅಷ್ಟೇ.

ಶಾಗ್‌ನವರು ಬೆಟ್ಟವನ್ನು ಉಳಿಸಿಕೊಂಡರು ಅಂತ ನಾನು ಹೇಳುತ್ತಿಲ್ಲ. ಅರ್ಧ ಕಳೆದುಕೊಂಡರು. ಉಳಿದ ಅರ್ಧದ ಹತ್ತಿರ ವಾಪಸ್ ಹೋದರು. ಮುಂದಿನ ಸಲ ಊರಿಗೆ ಬಂದಾಗ ಜಾತ್ರೆ ಇಲ್ಲದ ದಿನವೇ ನೋಡಿ ಅಣ್ಣನ ಮಕ್ಕಳನ್ನು ಬೇಬಿ ಬೆಟ್ಟಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ.