ಮೀಟಿಂಗ್ ಹಾಲಲ್ಲಿ ಆನೆ ಎಲ್ಲಿತ್ತು ಮಾರಾಯ್ರೆ?

ಆ ವಿಡಿಯೊ ನಿಮಗೂ ಬಂದಿರುತ್ತೆ ಬಿಡಿ. ನನಗೆ ಮೂರು ಗ್ರೂಪಿಂದ ಬಂತು, ಬೆಳೆಗಾರರದ್ದು ಒಂದು, ಕುಟುಂಬದ್ದು ಒಂದು, ಇನ್ನೊಂದು ಯಾರದ್ದೋ ಮದುವೆಗೆ ಅಂತ ಮಾಡಿ, ಮದುವೆ ಮುಗಿದು ಮಗು ಹುಟ್ಟಿದ್ರೂ ಯಾರೂ ಬಿಟ್ಟು ಹೋಗದ ಗ್ರೂಪು. ನಮ್ಮ ಕೊಡಗಲ್ಲಿ ಕಾಡಾನೆ ಹಾವಳಿ ಬಗ್ಗೆ ಸಭೆ. ವೇದಿಕೆ ಮೇಲೆ ಬೊಕೆ, ಗೋಡಂಬಿ ಪ್ಲೇಟು, ನೀರಿನ ಬಾಟ್ಲಿ. ಸಾಹೇಬ್ರು ಮೈಕ್ ಹತ್ರ ಎಳ್ಕೊಂಡು ಗಂಟಲು ಸರಿ ಮಾಡ್ಕೊಂಡು "ಲೆಟ್ ಅಸ್ ಅಡ್ರೆಸ್ ದಿ ಎಲಿಫೆಂಟ್ ಇನ್ ದಿ ರೂಮ್" ಅಂದ್ರು, ಹಿಂದಿನ ಸಾಲಲ್ಲಿ ಒದ್ದೆ ಕೊಡೆ ಕಾಲ ಸಂದಿಲಿ ಇಟ್ಕೊಂಡು ಕೂತಿದ್ದ ಅಜ್ಜ ದಡಕ್ಕನೆ ಎದ್ದು ಬಾಗಿಲ ಕಡೆ ತಿರುಗಿದ್ರು. ಅಷ್ಟೇ ವಿಡಿಯೊ. ಯಾರೋ ಅದಕ್ಕೆ ಮ್ಯೂಸಿಕ್ ಬೇರೆ ಹಾಕಿದ್ದಾರೆ, ಇಡೀ ಜಿಲ್ಲೆ ನಕ್ಕಿದೆ.

ನಾನೂ ನಕ್ಕೆ, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ರಾತ್ರಿ ಮಲಗಿದ ಮೇಲೆ ಅನ್ನಿಸ್ತು, ಅಲ್ಲ, ಅಜ್ಜಂಗೆ ಇಂಗ್ಲಿಷ್ ಬರಲ್ಲ ಅಂತ ತಾನೆ ನಾವು ನಕ್ಕಿದ್ದು? ಎಲಿಫೆಂಟ್ ಅಂದ್ರೆ ಏನು ಅಂತಾನೂ ಗೊತ್ತು, ರೂಮ್ ಅಂದ್ರೆ ಏನು ಅಂತಾನೂ ಗೊತ್ತು, ಎರಡೂ ಗೊತ್ತಿದ್ದಿದ್ದಕ್ಕೇ ಎದ್ದಿದ್ದು! ಸಿದ್ದಾಪುರ, ತಿತಿಮತಿ ಕಡೆ ಆನೆ ಅನ್ನೋ ಶಬ್ದ ಕಿವಿಗೆ ಬಿದ್ದಾಗ ಮೊದಲು ಬಾಗಿಲು ಎಲ್ಲಿದೆ ನೋಡೋನೇ ಮರುದಿನ ಕಾಫಿ ಕುಡಿಯೋದು. ಅರ್ಥ ಗೊತ್ತಿದ್ದು ಅಲ್ಲಾಡದೆ ಕೂತಿದ್ದೋರು ವೇದಿಕೆ ಮೇಲಿದ್ರು.

ಆ ಇಂಗ್ಲಿಷ್ ಮಾತಿನ ಅರ್ಥ ಏನಪ್ಪಾ ಅಂದ್ರೆ, ಎಲ್ರ ಕಣ್ಣೆದುರಿಗೇ ಇರೋ ದೊಡ್ಡ ವಿಷಯ, ಆದ್ರೆ ಯಾರೂ ಬಾಯಿ ಬಿಡಲ್ಲ, ಅದು. ಈಗ ಹೇಳಿ, ಕೊಡಗಲ್ಲಿ ಆನೆ ಬಗ್ಗೆ ಬಾಯಿ ಬಿಡದೇ ಇರೋರು ಯಾರಿದ್ದಾರೆ? ಮದುವೆ ಮನೆಲಿ ಆನೆ, ತಿಥಿ ಮನೆಲಿ ಆನೆ, ಕ್ಷೌರದ ಅಂಗಡಿಲಿ ಆನೆ, ಬ್ಯಾಂಕಲ್ಲಿ ಸಾಲ ಕಟ್ಟೋಕೆ ಹೋದ್ರೆ ಮ್ಯಾನೇಜರ್ ಮೊದಲು ಕೇಳೋದು "ನಿಮ್ಮ ಕಡೆ ಹೇಗೆ, ಇದೆಯಾ?" ಅಂತ. ಆ ಹಾಲಲ್ಲಿ ಯಾರೂ ಬಾಯಿ ಬಿಡದ ವಿಷಯ ಬೇರೆಯೇ ಇತ್ತು. ಆನೆ ತಡೆಯೋಕೆ ಅಂತ ಕಂದಕ ತೋಡಿ ಎರಡು ಮಳೆಗಾಲ ಆಗೋದ್ರೊಳಗೆ ಮಣ್ಣು ಕುಸಿದು ಸಮ ಆಗಿ, ಆನೆ ಬಿಡಿ, ನಮ್ಮ ಮನೆ ಹಸು ಕೂಡ ಆರಾಮಾಗಿ ದಾಟ್ತಾ ಇದೆಯಲ್ಲ, ಅದು. ಸೋಲಾರ್ ಬೇಲಿ ತಂತಿ ಮೇಲೆ ಬಳ್ಳಿ ಹಬ್ಬಿ ಹೂ ಬಿಟ್ಟಿದೆಯಲ್ಲ, ಅದು. ಅದಕ್ಕೆ ಇಂಗ್ಲಿಷಲ್ಲಿ ಏನಂತಾರೋ.

ಈ ನುಡಿಗಟ್ಟಿನ ಬೇರು ಹುಡುಕ್ತಾ ಹೋದ್ರೆ ರಷ್ಯಾದ ಕ್ರಿಲೋವ್ ಅನ್ನೋರು 1814ರಲ್ಲಿ ಬರೆದ ಒಂದು ನೀತಿಕತೆ ತನಕ ಕರ್ಕೊಂಡು ಹೋಗ್ತಾರೆ. ಒಬ್ಬ ಮ್ಯೂಸಿಯಂಗೆ ಹೋಗಿ ಬಂದು ಗೆಳೆಯನ ಹತ್ರ ಕೊಚ್ಕೊಳ್ತಾನೆ, ಚಿಟ್ಟೆ ನೋಡಿದೆ, ಜೀರುಂಡೆ ನೋಡಿದೆ, ಗುಂಡುಸೂಜಿ ತಲೆಗಿಂತ ಸಣ್ಣ ಹುಳ ನೋಡಿದೆ ಅಂತ. ಆನೆ ನೋಡಿದ್ಯಾ ಅಂದ್ರೆ, ಅಯ್ಯೋ ಆನೆ ಇತ್ತಾ, ಕಾಣಲೇ ಇಲ್ಲ ಅಂತಾನೆ. ಓದಿ ನನಗೆ ಒಂದೇ ಸಮಾಧಾನ, ಈ ಮನುಷ್ಯ ನಮ್ಮ ತೋಟಕ್ಕೂ ಪರಿಶೀಲನೆಗೆ ಬಂದು ಹೋಗಿದ್ದಾನೆ. ಕರಿಮೆಣಸಿನ ಬಳ್ಳಿ ನೋಡಿದ, ಕಿತ್ತಳೆ ಹಿಡ್ಕೊಂಡು ಫೋಟೊ ತೆಗೆಸ್ಕೊಂಡ, ಇಲ್ಲಿ ಒಳ್ಳೆ ಜೇನು ಎಲ್ಲಿ ಸಿಗುತ್ತೆ ಅಂತ ಕೇಳಿದ, ಗೇಟಿನ ಹತ್ರ ಬುಟ್ಟಿಯಷ್ಟು ದೊಡ್ಡ ಲದ್ದಿ ಬಿದ್ದಿತ್ತು, ಅದನ್ನ ಸುತ್ತು ಬಳಸಿ ಜೀಪ್ ಹತ್ತಿದ. ವರದಿಲಿ "ಯಾವುದೇ ಸಂಚಾರ ಕಂಡುಬಂದಿಲ್ಲ".

ಈ ಇಂಗ್ಲಿಷ್ ನುಡಿಗಟ್ಟಿನ ಪೀಡೆ ನಮ್ಮ ಮನೆಗೂ ಬಂದಿದೆ. ನಮ್ಮ ಲೈನ್ ಮನೆ, ಅಂದ್ರೆ ತೋಟದ ಕೆಲಸದವರ ಸಾಲು ಮನೆ, ಹುಡುಗಿ ಒಬ್ಳು, ಏಳನೇ ಕ್ಲಾಸು, ಶಾಲೇಲಿ ನೂರು ಇಂಗ್ಲಿಷ್ ನುಡಿಗಟ್ಟಿನ ಪಟ್ಟಿ ಕೊಟ್ಟಿದ್ದಾರೆ, ಪ್ರತಿಯೊಂದಕ್ಕೂ ಅರ್ಥ ಬರೆದು ಸ್ವಂತ ವಾಕ್ಯ ಮಾಡ್ಬೇಕು. ಮಳೆ ರಜೆ, ಕರೆಂಟ್ ಹೋಗಿ ನಾಲ್ಕು ದಿನ, ನಮ್ಮ ಜಗಲಿಲಿ ಎಮರ್ಜೆನ್ಸಿ ಲೈಟ್ ಹಚ್ಚಿ ಕೂತ್ಕೊಂಡು ಕೇಳ್ತಾಳೆ, "ಅಂಕಲ್, ಬೆಕ್ಕು ನಾಯಿ ಮಳೆ ಅಂದ್ರೆ ಎಂಥದು?" ಹೊರಗೆ ಹೆಂಚಿನ ಮೇಲೆ ಬೀಳೋ ಸದ್ದಿಗೆ ಅವಳು ಹೇಳಿದ್ದು ಎರಡನೇ ಸಲಕ್ಕೆ ಕೇಳಿಸ್ತು.

1738ರಲ್ಲೇ ಜೊನಾಥನ್ ಸ್ವಿಫ್ಟ್ ಈ ಬೆಕ್ಕು ನಾಯಿ ಮಳೆ ಮಾತು ಬರೆದಿದ್ದಾನೆ, ಆದ್ರೆ ಯಾಕೆ ಬೆಕ್ಕು, ಯಾಕೆ ನಾಯಿ ಅಂತ ಇಂಗ್ಲಿಷಿನೋರಿಗೇ ಇವತ್ತಿಗೂ ಗ್ಯಾರಂಟಿ ಇಲ್ಲ. ಇರಲಿ. ಲಂಡನ್ನಿಗೆ ವರ್ಷಕ್ಕೆ ಬೀಳೋದು ಹೆಚ್ಚು ಕಮ್ಮಿ 600 ಮಿಲಿಮೀಟರ್. ಮಡಿಕೇರಿಗೆ 3000 ದಾಟುತ್ತೆ. 600ಕ್ಕೇ ಬೆಕ್ಕು ನಾಯಿ ಬಿದ್ರೆ ನಮಗೆ ಕಾಟಿ, ಆನೆ ಎಲ್ಲ ಬೀಳ್ಬೇಕು ಆಕಾಶದಿಂದ! ಇಲ್ಲಿ ಮಳೆಗೆ ಹೆಸರಿಗೇನು ಬರ ಇದೆಯಾ? ಸೋನೆ ಇದೆ, ಜಿಟಿಜಿಟಿ ಇದೆ, ಕುಂಭದ್ರೋಣ ಇದೆ, ಮಾರ್ಚಲ್ಲಿ ಕಾಫಿ ಗಿಡ ಬಾಯಿ ಬಿಟ್ಕೊಂಡು ಕಾಯೋ ಹೂಮಳೆ ಇದೆ, ಆರಿದ್ರಾ ಪುನರ್ವಸು ಅಂತ ಒಂದೊಂದು ನಕ್ಷತ್ರಕ್ಕೂ ಒಂದೊಂದು ಸ್ವಭಾವ ಇದೆ, ಅಸಲೆ ಮಳೆ ಕೈತುಂಬಾ ಬೆಳೆ ಅಂತ ಗಾದೆ ಇದೆ. ಪ್ರತಿ ತೋಟದ ಮನೇಲೂ ಮಳೆಮಾಪನ ಇದೆ, ಬೆಳಿಗ್ಗೆ ಎದ್ದು ಮುಖ ತೊಳೆಯೋಕೆ ಮೊದಲು ಅದನ್ನ ಎತ್ತಿ ನೋಡಿ ಡೈರಿಲಿ "2 ಇಂಚು 40 ಸೆಂಟು" ಅಂತ ಬರೆಯೋ ಜನ ನಾವು. ನಮ್ಮ ಅಪ್ಪ ನನ್ನ ಹುಟ್ಟಿದ ತಾರೀಕು ಮರೆತಿದ್ರು, ಆವತ್ತಿನ ಮಳೆ ಡೈರಿಲಿತ್ತು. ಇಂಥ ಊರಿನ ಮಗು, ಮಳೆಗೆ ರಜೆ ಸಿಕ್ಕಿ ಮನೇಲಿ ಕೂತು, ಯಾರೂ ಯಾವತ್ತೂ ನೋಡದ ಬೆಕ್ಕಿನ ಮಳೆಗೆ ಅರ್ಥ ಬರೀತಾ ಇದೆ.

ಇದೆಲ್ಲ ಹೇಳ್ಕೊಟ್ಟೋರು ಯಾರು ಅಂದ್ರೆ, ಮಡಿಕೇರಿ ಅನ್ನೋಕೆ ಬರದೆ ಮರ್ಕರಾ ಅಂದೋರು, ಕೊಡಗು ಅನ್ನೋಕೆ ಆಗದೆ ಕೂರ್ಗ್ ಅಂದೋರು. ನಮ್ಮ ಕಾರ್ಯಪ್ಪನವರ ಹೆಸರು ಒಬ್ಬ ಬ್ರಿಟಿಷ್ ಅಧಿಕಾರಿಯ ಹೆಂಡ್ತಿ ನಾಲಗೆಗೆ ಹೊರಳಲಿಲ್ಲ, ಅದಕ್ಕೇ "ಕಿಪ್ಪರ್" ಆಯ್ತು ಅಂತಾರೆ. ಕಿಪ್ಪರ್ ಅಂದ್ರೆ ಏನು ಗೊತ್ತಾ, ಹೊಗೆ ಹಾಕಿ ಒಣಗಿಸಿದ ಮೀನು! ಸೈನ್ಯದ ಮೊದಲ ಭಾರತೀಯ ದಂಡನಾಯಕರಿಗೆ ಒಣ ಮೀನಿನ ಹೆಸರು. ಅವರು ನಮ್ಮ ಹೆಸರು ತಪ್ಪಿದ್ರೆ ಅದು ಪ್ರೀತಿ, ನಾವು ಅವರ ನುಡಿಗಟ್ಟು ತಪ್ಪಿದ್ರೆ ಸೊನ್ನೆ ಮಾರ್ಕು.

ಪಟ್ಟಿಲಿ ಆಮೇಲೆ ಬಂತು ಬಕೆಟ್. ಬಕೆಟ್ ಒದೆಯೋದು ಅಂದ್ರೆ ಸಾಯೋದಂತೆ, 1785ರ ನಿಘಂಟಲ್ಲೇ ಇದೆ. ನಮ್ಮಲ್ಲಿ ಗೊಟಕ್ ಅಂದ ಅಂತೀವಿ, ಒಂದೇ ಶಬ್ದ, ಬಕೆಟ್ ಖರ್ಚಿಲ್ಲ. ಹುಡುಗಿ ಬಕೆಟ್ ಅಂದಾಗ ನನ್ನ ತಲೆಗೆ ಬಂದಿದ್ದೇ ಬೇರೆ. ನಮ್ಮ ಆಫೀಸುಗಳಲ್ಲಿ ಬಕೆಟ್ ಒದ್ದೋರನ್ನ ನಾನು ಕಂಡಿಲ್ಲ, ಹಿಡಿಯೋರೇ ಎಲ್ಲ. ಹಿಡಿದೋನಿಗೆ ಪ್ರಮೋಷನ್, ಒದ್ದೋನಿಗೆ ಬೀದರಿಗೆ ಟ್ರಾನ್ಸ್‌ಫರ್. ಹೇಳ್ಕೊಡೋಣ ಅನ್ನಿಸ್ತು, ಬೇಡ ಅಂತ ಸುಮ್ಮನಾದೆ.

ಬೀನ್ಸ್ ಚೆಲ್ಲೋದು ಅಂದ್ರೆ ಗುಟ್ಟು ಬಿಡೋದು. ಇದನ್ನ ಲೈನ್ ಮನೆ ಹುಡುಗಿಗೆ ಹೇಗೆ ಹೇಳ್ತೀರ? ಅವಳ ಅಮ್ಮ ಕುಯ್ಲು ಮುಗಿದ ಮೇಲೂ ಸೊಂಟ ಬಗ್ಗಿಸಿ ಗಿಡದ ಬುಡದಲ್ಲಿ ಒಂದೊಂದೇ ಉದುರು ಕಾಫಿ ಕಾಯಿ ಹೆಕ್ತಾಳೆ, ಬಿಟ್ರೆ ಅದರೊಳಗೆ ಕಾಯಿ ಕೊರೆಯೋ ಬೋರರ್ ಹುಳ ಕೂತು ಮುಂದಿನ ವರ್ಷದ ಫಸಲಿಗೆ ಹತ್ತುತ್ತೆ. ಚೆಲ್ಲಿದ್ರೆ ಗುಟ್ಟಲ್ಲ, ಸೊಂಟ ಹೋಗುತ್ತೆ. "ಏಳಿ, ಕಾಫಿ ವಾಸನೆ ನೋಡಿ" ಅಂತ ಒಂದಿದೆ, ವಾಸ್ತವಕ್ಕೆ ಬನ್ನಿ ಅನ್ನೋ ಅರ್ಥದ್ದು, ಅದನ್ನ ಹೇಳಿದೋನನ್ನ ಒಂದ್ಸಲ ಡಿಸೆಂಬರಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ನೀರಿನ ಗುಂಡಿ ಪಕ್ಕ ನಿಲ್ಲಿಸ್ಬೇಕು. ನಾವು ದಿನಾ ಅದೇ ವಾಸ್ತವದಲ್ಲಿ ಮೂಗು ಮುಚ್ಕೊಂಡು ಇರೋದು. ಬ್ಲೂ ಮೂನ್ ಅಂದ್ರೆ ಬಹಳ ಅಪರೂಪ ಅಂತ. ಒಂದೇ ತಿಂಗಳಲ್ಲಿ ಎರಡನೇ ಹುಣ್ಣಿಮೆ, ಎರಡೂವರೆ ವರ್ಷಕ್ಕೊಮ್ಮೆ ಬರುತ್ತೆ. ಪಾಪ ಚಂದ್ರ. ಐದು ವರ್ಷಕ್ಕೊಮ್ಮೆ ಮನೆ ಬಾಗಿಲಿಗೆ ಬಂದು ಕೈ ಮುಗಿಯೋರನ್ನ ನಾವು ನೋಡಿದ್ದೀವಿ.

ಆದ್ರೆ ಸಾಹೇಬ್ರ ಮೀಟಿಂಗ್ ವಿಡಿಯೊದ ಉದ್ದದ ಕಾಪಿ ಸಿಕ್ಕಿತು ನೋಡಿ, ನಿಜವಾದ ಮಜಾ ಅಲ್ಲಿತ್ತು. ಕೆಲಸ "ಆನ್ ಟ್ರ್ಯಾಕ್" ಇದೆಯಂತೆ. ಸ್ವಾಮಿ, ಇದು ರೈಲೇ ಇಲ್ಲದ ಜಿಲ್ಲೆ. ನಮ್ಮಲ್ಲಿ ರೈಲ್ವೆ ಕಂಬಿ ಇರೋದು ಆನೆ ತಡೆಯೋಕೆ, ಕಾಡಂಚಲ್ಲಿ ಅಡ್ಡಡ್ಡ ನಿಲ್ಲಿಸಿದ್ದಾರೆ. ರೈಲು ಕಾಣದ ಊರಿಗೆ ಹಳಿ ಮಾತ್ರ ಬಂತು, ಅದನ್ನೂ ಆನೆ ಹತ್ತಿ ಇಳಿಯೋ ವಿಡಿಯೊ ಎಲ್ರ ಫೋನಲ್ಲೂ ಇದೆ. ಸದ್ಯಕ್ಕೆ ಆನ್ ಟ್ರ್ಯಾಕ್ ಇರೋದು ಆನೆ.

"ವಾರ್ ಫೂಟಿಂಗ್" ಅಂತಾನೂ ಅಂದ್ರು, ಪೇಪರಿನೋರು ಮರುದಿನ ನಿಷ್ಠೆಯಿಂದ "ಯುದ್ಧೋಪಾದಿಯಲ್ಲಿ" ಅಂತ ಹಾಕಿದ್ರು. ಸಭೇಲಿ ಒಬ್ಬ ಮಾಜಿ ಸೈನಿಕರು ಕೈ ಎತ್ತಿ, ಎಷ್ಟು ದಿನ ಬೇಕಾಗುತ್ತೆ ಸಾರ್ ಅಂದ್ರು. ಟೆಂಡರ್ ಪ್ರಕ್ರಿಯೆ, ಆರು ತಿಂಗಳು. "1971ರಲ್ಲಿ ನಾವು 13 ದಿನಕ್ಕೆ ಯುದ್ಧಾನೇ ಮುಗಿಸಿದ್ವಿ ಸಾರ್" ಅಂದು ಕೂತ್ರು. ಈ ತುಂಡು ಮಾತ್ರ ಯಾವ ಗ್ರೂಪಲ್ಲೂ ಓಡಲಿಲ್ಲ, ಮ್ಯೂಸಿಕ್ಕೂ ಹಾಕಲಿಲ್ಲ.

ಕೊನೆಗೆ "ವಿ ವಿಲ್ ಲುಕ್ ಇಂಟು ಇಟ್". ಇಪ್ಪತ್ತು ವರ್ಷದಿಂದ ಕೇಳ್ತಾ ಇದ್ದೀನಿ, ಇದರ ಅರ್ಥಕ್ಕೆ ನನಗೆ ಪಟ್ಟಿ ಬೇಡ. ಬಾವಿಗೆ ಇಣುಕಿದಂಗೆ ಇಣುಕ್ತಾರೆ, ತಮ್ಮ ಮುಖ ಕಾಣುತ್ತೆ, ಕ್ರಾಪ್ ಸರಿ ಮಾಡ್ಕೊಂಡು ಹೋಗ್ತಾರೆ. ಮೂಗಿಗೆ ತುಪ್ಪ ಸವರೋದು ಅಂತ ನಮ್ಮಲ್ಲೂ ಇತ್ತು, ಅದರಲ್ಲಿ ವಾಸನೆಯಾದ್ರೂ ಬರ್ತಿತ್ತು.

ತಮಾಷೆ ಸಾಕು. ಆ ಸಭೆ ಕರೆದಿದ್ದೇ ಯಾಕೆ ಅಂತ ನಿಮಗೆ ಗೊತ್ತು. ಬೆಳಿಗ್ಗೆ ಆರೂವರೆಗೆ ಕೆಲಸಕ್ಕೆ ಅಂತ ಹೊರಟ ಮನುಷ್ಯ, ಮಂಜು, ತಿರುವಲ್ಲಿ ಎದುರಿಗೇ ನಿಂತಿತ್ತು. ನಾನು ಹೋದಾಗ ಒಂದು ಚಪ್ಪಲಿ ರಸ್ತೆಲಿ, ಒಂದು ಚರಂಡಿಲಿ. ಬುತ್ತಿ ಡಬ್ಬ ಮಾತ್ರ ಏನೂ ಆಗದೆ ಬೇಲಿ ಪಕ್ಕ ನೆಟ್ಟಗೆ ಕೂತಿತ್ತು, ಯಾರೋ ಇಟ್ಟಂಗೆ. ಅದನ್ನ ಎತ್ಕೊಂಡು ಹೋಗಿ ಅವನ ಹೆಂಡ್ತಿ ಕೈಗೆ ಕೊಡೋಕೆ ನಮ್ಮಲ್ಲಿ ಯಾರಿಗೂ ಧೈರ್ಯ ಬರಲಿಲ್ಲ, ಸಂಜೆ ತನಕ ಅಲ್ಲೇ ಇತ್ತು. ಪರಿಹಾರ ಏಳೂವರೆ ಲಕ್ಷ ಇದ್ದಿದ್ದು 2022ರಲ್ಲಿ 15 ಲಕ್ಷ ಮಾಡಿದ್ರು, ಒಪ್ಪಿದೆ, ಚೆಕ್ಕೂ ಬರುತ್ತೆ, ಫೋಟೊನೂ ಬರುತ್ತೆ. ಆದ್ರೆ ಕನ್ನಡದಲ್ಲಿ ಒಂದು ಮಾತು ಹೇಳೋಕೆ ಏನಾಗಿತ್ತು ಇವರಿಗೆ? "ನಮ್ಮಿಂದ ಆಗಲಿಲ್ಲ, ತಪ್ಪಾಯ್ತು" ಅನ್ನೋಕೆ ಎಷ್ಟು ಶಬ್ದ ಬೇಕು? ಸತ್ತೋನ ಅಣ್ಣ ಎರಡನೇ ಸಾಲಲ್ಲಿ ಕೂತಿದ್ದ. ಅವನ ಮುಂದೆ ನಿಂತು ಕೋಣೇಲಿರೋ ಆನೆ ಅಂತ ಇಂಗ್ಲಿಷಲ್ಲಿ ಅಲಂಕಾರ ಮಾತಾಡ್ತಾರಲ್ಲ, ಆ ಬಾಯಿಗೆ ಏನ್ ಹೇಳೋದು. ನನಗೆ ಬೈಯೋಕೂ ಶಕ್ತಿ ಇಲ್ಲ ಈಗ. ಅಜ್ಜ ಆಮೇಲೆ ಕೂತುಕೊಳ್ಳಲೇ ಇಲ್ಲ, ಬಾಗಿಲ ಹತ್ರಾನೇ ನಿಂತಿದ್ರು, ಸಭೆ ಮುಗಿಯೋ ತನಕ.

ಮಳೆ ಬಿಟ್ಟು ಶಾಲೆ ಶುರುವಾಗಿ ಪಟ್ಟಿ ತಿದ್ದಿ ಬಂತು. ಹುಡುಗಿ ನೋಟ್‌ಬುಕ್ ತಂದು ತೋರಿಸಿದ್ಳು, ಬೆಕ್ಕು ನಾಯಿಗೆ ಸರಿ ಹಾಕಿದ್ದಾರೆ, ಬಕೆಟ್ಟಿಗೂ ಸರಿ, 41ನೇ ನಂಬರಿಗೆ ಕೆಂಪು ಇಂಟು. ಎಲಿಫೆಂಟ್ ಇನ್ ದಿ ರೂಮ್, ಸ್ವಂತ ವಾಕ್ಯ ಮಾಡಿ. "ಲಾಸ್ಟ್ ಇಯರ್ ಎಲಿಫೆಂಟ್ ಇನ್ ದಿ ರೂಮ್ ಈಟ್ ಅವರ್ ರೈಸ್" ಅಂತ ಬರೆದಿದ್ಳು, ನೀಟಾಗಿ, ಕೆಳಗೆ ಗೆರೆ ಎಳೆದು. ಅವರ ಅಡುಗೆ ಕೋಣೆ ಗೋಡೆಗೆ ನಾವು ಆಮೇಲೆ ಹೊಡೆಸಿದ ತಗಡು ಇವತ್ತಿಗೂ ಹಾಗೇ ಇದೆ. ನಾನು ಏನೂ ಹೇಳದೆ ಇದ್ದಿದ್ದು ನೋಡಿ ಅವಳೇ ಸ್ವಲ್ಪ ಹೊತ್ತು ಬಿಟ್ಟು ಕೇಳಿದ್ಳು, "ಅಂಕಲ್, ರೂಮೊಳಗೆ ಬಂದಿದ್ದು ಮರಿ ಒಂದೇ ಅಲ್ವಾ, ಅಮ್ಮ ಆನೆ ಹೊರಗೆ ನಿಂತು ಬರೀ ಸೊಂಡಿಲು ಹಾಕಿದ್ದು. ಅದಕ್ಕೇ ತಪ್ಪಾ?"